ಹೋಗು ಅಂತ ಹೇಳಿ ಅತ್ತಿಗೆ

ಅಲ್ಲ ಅತ್ತಿಗೆ, ಹೆದರಿಕೆ ಅಂತ ನಾನು ಹೇಳಿದ್ದಲ್ಲ. ನಮ್ಮ ಸಂತು ಹೆದರುವ ಹುಡುಗನಾ? ಸಣ್ಣ ಮಗು ಇರುವಾಗ ಊರಲ್ಲಿ ನೀವೇ ಸಾಕಿದ್ದೀರಿ, ನಿಮಗೆ ಗೊತ್ತಿಲ್ಲದ್ದಾ... ನಾನು ಹೇಳಿದ್ದು ಮನಸ್ಸಿಲ್ಲ ಅಂತ. ಹೆದರಿಕೆ ಬೇರೆ, ಮನಸ್ಸಿಲ್ಲದ್ದು ಬೇರೆ. ಪ್ಲಸ್ ಟೂ ಮುಗಿದದ್ದೇ ಮಿಲಿಟರಿಗೆ ಸೇರ್ತೇನೆ ಅಂತ ಕುಣಿದವನು ಅವನೇ. ಓಡಿದ, ಪರೀಕ್ಷೆ ಬರೆದ, ಡಾಕ್ಟರ ಮುಂದೆ ನಿಂತ, ಎಲ್ಲ ಪಾಸಾದ. ಬರುವ ಸೋಮವಾರ ಹೊರಡಬೇಕು ಅನ್ನುವಾಗ, ಹೋಗುದಿಲ್ಲ ಅಂತ ಕೂತಿದ್ದಾನೆ. ಯಾಕೋ ಅಂತ ಕೇಳಿದ್ರೆ 'ವಿಡುಮ್ಮಾ'. ಅಷ್ಟೇ. ಬಿಡಮ್ಮಾ ಅಂತ. ಇಲ್ಲಿಯೇ ಶಾಲೆಗೆ ಹೋದದ್ದಲ್ಲವಾ, ನಾನು ಕನ್ನಡದಲ್ಲಿ ಎಷ್ಟು ಉದ್ದ ಕೇಳಿದ್ರೂ ಅವನದ್ದು ತಮಿಳಿನಲ್ಲಿ ಒಂದು ಶಬ್ದ.

ಕೂತ್ಕೊಳ್ಳಿ, ನೀವು ಏಳುದು ಬೇಡ. ಬಸಳೆ ನಾನೇ ಬಿಡಿಸ್ತೇನೆ. ಬಾರ್ಕೂರಿಂದ ಚೆನ್ನೈವರೆಗೆ ಬಾಡದೆ ಬಂದಿದೆ ಕಾಣಿ, ಒದ್ದೆ ಬಟ್ಟೆ ಸುತ್ತಿ ತಂದಿರಲ್ಲ... ಕೆಳಗೆ ಮನೆಯೊಳಗೆ ಸೆಕೆ, ಉಸಿರು ಕಟ್ತದೆ. ಇಲ್ಲಿ ಟೆರೇಸಿನಲ್ಲಾದ್ರೆ ಬಿಸಿಲು ಇಳಿದ ಮೇಲೆ ಸಮುದ್ರದ ಕಡೆಯಿಂದ ಒಂದಿಷ್ಟು ಗಾಳಿ ಬರ್ತದೆ. ಇವರು ಹೋಟೆಲಿಂದ ಈಗ ಬರುದಿಲ್ಲ. ಸಂತುವನ್ನು ಹಾಲಿಗೆ ಕಳಿಸಿದ್ದೇನೆ, ಸ್ಟೇಷನ್ ಆಚೆ ಕಡೆ ಹೋಗಿ ಬಾ ಅಂತ, ಸುಮ್ಮನೆ, ದೂರ ಆಗ್ಲಿ ಅಂತ. ಅವನು ಬರುದರೊಳಗೆ ನಿಮ್ಮ ಹತ್ರ ಹೇಳಿ ಮುಗಿಸ್ಬೇಕು.

ಅವನಿಗೆ ಹೋಗು ಅಂತ ಹೇಳಿ ಅತ್ತಿಗೆ. ಅಷ್ಟೇ ನನಗೆ ಬೇಕಾದದ್ದು. ನನ್ನ ಮಾತು ಅವನ ಕಿವಿಗೆ ಹೋಗುದಿಲ್ಲ. ನೀವು ಹೇಳಿದ್ರೆ ಕೇಳ್ತಾನೆ. ನೀವು ಬರ್ತೀರಿ ಅಂತ ಗೊತ್ತಾದದ್ದೇ ನಿನ್ನೆ ಅವನ ಮುಖ ನೋಡ್ಬೇಕಿತ್ತು. ನಾನು ಹೇಳದೆ ತಾನೇ ಕೋಣೆ ಗುಡಿಸಿದ. ಬೆಳಿಗ್ಗೆ ಸೆಂಟ್ರಲ್‌ಗೆ ರೈಲು ಬರುವ ಮೊದಲೇ ಹೋಗಿ ನಿಂತಿದ್ದ, ಅಲ್ಲವಾ? ಇವರೂ ಅಷ್ಟೇ, ಹೋಟೆಲಿನಲ್ಲಿ ಎಲ್ಲರ ಹತ್ರ, ನಮ್ಮ ಜಾನಕಕ್ಕ ಬರ್ತಾರೆ, ಜಾನಕಕ್ಕ ಬರ್ತಾರೆ ಅಂತ. ತಮ್ಮನಿಗೆ ಅಕ್ಕ ಅಂದ್ರೆ ಹಾಗೆ.

ಯಾಕೆ ಹಾಗೆ ನೋಡ್ತೀರಿ? ಹೆತ್ತವಳು ಇದ್ದೊಬ್ಬ ಮಗನನ್ನು ಮಿಲಿಟರಿಗೆ ನೂಕ್ತಾಳಲ್ಲ ಅಂತಲಾ? ನೂಕುದಲ್ಲ ಅತ್ತಿಗೆ. ಮೊದಲು ಬೇಡ ಅಂತ ಅತ್ತವಳು ನಾನೇ. ಅಗ್ನಿವೀರ ಆಗ್ತೇನಮ್ಮಾ ಅಂತ ಅವನು ಹೇಳಿದ ದಿನ ನನಗೆ ಅನ್ನ ಇಳೀಲಿಲ್ಲ. ಟಿವಿಯಲ್ಲಿ ಗಡಿ ಅಂತ ಬಂದ ಕೂಡ್ಲೇ ನಾನು ಎದ್ದು ಅಡುಗೆಮನೆಗೆ ಹೋಗ್ತಿದ್ದೆ. ನಾಲ್ಕು ವರ್ಷ ಅಷ್ಟೇ ಅಮ್ಮಾ ಅಂದ. ನಾಲ್ಕು ವರ್ಷ ಆದ ಮೇಲೆ ನಾಲ್ವರಲ್ಲಿ ಒಬ್ಬನನ್ನು ಇಟ್ಕೊಳ್ತಾರಂತೆ, ಉಳಿದವರು ಮನೆಗೆ. ಮನೆಗೆ ಬಂದು ಎಂತ ಮಾಡ್ತೀಯಾ ಅಂತ ಕೇಳಿದೆ. ಅದನ್ನು ಆಗ ನೋಡುವ ಅಂದ. ಹದಿನೆಂಟು ವರ್ಷದವನಿಗೆ ನಾಲ್ಕು ವರ್ಷ ಅಂದ್ರೆ ಒಂದು ಜನ್ಮ ಅಲ್ಲವಾ? ಅದರಾಚೆ ಅವನಿಗೆ ಕಾಣುದಿಲ್ಲ.

ಇದು ಇವತ್ತು ನಿನ್ನೆ ಹುಟ್ಟಿದ ಆಸೆ ಅಲ್ಲ. ನಮ್ಮದು ತಾಂಬರಂ, ಇಲ್ಲಿ ಏರ್‌ಫೋರ್ಸ್ ಕ್ಯಾಂಪ್ ಉಂಟಲ್ಲ... ಅಲ್ಲಿಯ ಹುಡುಗರು ಆದಿತ್ಯವಾರ ಹೋಟೆಲಿಗೆ ಬರ್ತಾರೆ, ಮಸಾಲೆ ದೋಸೆಗೆ. ಬಿಹಾರದವರು, ಪಂಜಾಬಿನವರು, ಎಲ್ಲೆಲ್ಲಿಯವರೋ. ಸಂತು ಚಿಕ್ಕವನಿರುವಾಗ ಕ್ಯಾಶ್ ಟೇಬಲ್ಲಿನ ಪಕ್ಕ ಸ್ಟೂಲ್ ಹಾಕ್ಕೊಂಡು ಅವರನ್ನೇ ನೋಡ್ತಾ ಕೂರ್ತಿದ್ದ. ಒಂದು ದಿನ ಮನೆಗೆ ಬಂದು ಹೇಳ್ತಾನೆ, ಅಮ್ಮಾ, ಅವರು ಏಳುವಾಗ ಕುರ್ಚಿ ಒಳಗೆ ತಳ್ಳಿ ಹೋಗ್ತಾರೆ. ಸಾಂಬಾರು ತಡವಾದ್ರೂ ಸಪ್ಲೈಯರನ್ನು ಗದರುದಿಲ್ಲ. ಅಷ್ಟು ದೊಡ್ಡ ಆಳು, ಅಷ್ಟು ದೊಡ್ಡ ಕೈ, ಆದ್ರೂ ಗದರುದಿಲ್ಲ ಅಮ್ಮಾ... ಮಕ್ಕಳಿಗೆ ವಿಮಾನ, ಬಂದೂಕು ಹುಚ್ಚು ಹಿಡಿಸ್ತದೆ ಅಂತಾರೆ. ಇವನಿಗೆ ಹಿಡಿಸಿದ್ದು ಇದು. ಗದರುದಿಲ್ಲ ಅಂತ.

ಇವರು ಒಪ್ಪುದಿಲ್ಲ ಅಂತ ನಾನು ತಿಳ್ಕೊಂಡಿದ್ದೆ. ಹೋಟೆಲು ಯಾರು ನೋಡುದು, ಮಗ ಅಂತ ಒಬ್ಬನೇ... ಇಲ್ಲ, ಒಪ್ಪಿದರು. ಒಪ್ಪಿದ್ದು ಮಾತ್ರ ಅಲ್ಲ, ಬಂದ ಗಿರಾಕಿಗಳಿಗೆಲ್ಲ ಹೇಳ್ಕೊಂಡು ಬಂದರು. ಓಡ್ಲಿಕ್ಕೆ ಒಳ್ಳೆಯ ಶೂಸು ತೆಗೆದುಕೊಟ್ಟರು. ಇವರು ಹಾಗೆಯೇ, ನಾಲ್ಕು ಜನರ ಮುಂದೆ ಕೊಡುವ ವಿಷಯದಲ್ಲಿ ಕೈ ಹಿಡಿತ ಇಲ್ಲ.

ಆಮೇಲೆ ಓಟ. ಹಿಂದಿನ ಬೀದಿಯಲ್ಲಿ ಹೂ ಮಾರುವ ಹೆಂಗಸಿನ ಮಗ ಉಂಟು, ವಿಘ್ನೇಶ್. ಇವನ ಜೊತೆಯಲ್ಲೇ ಓದಿದವನು. ಇಬ್ಬರೂ ಕತ್ತಲೆ ಇರುವಾಗಲೇ ಎದ್ದು ಹೋಗುದು. ಕ್ಯಾಂಪ್ ರೋಡಿನಲ್ಲಿ ಬಸ್ಸು ಶುರುವಾಗುವ ಮೊದಲು ಓಡಿ ಬರ್ಬೇಕು. ಮೊದಮೊದಲು ಕಾಲಿನಲ್ಲಿ ಬೊಬ್ಬೆ ಎದ್ದು, ರಕ್ತ. ನಾನು ಅರಸಿನ ಎಣ್ಣೆ ಹಚ್ಚುವಾಗ, ಮನಸ್ಸಿನೊಳಗೆ... ಹೇಳ್ತೇನೆ ನಿಮಗೆ, ನಗಬೇಡಿ... ಫೈಲಾಗಲಿ ದೇವರೇ ಅಂತ ಬೇಡಿದವಳು ನಾನು. ರ‍್ಯಾಲಿಗೆ ಹೋಗಿ ಬಂದ. ಸುಟ್ಟ ಹಪ್ಪಳದ ಹಾಗೆ ಆಗಿದ್ದ ಬಿಸಿಲಿಗೆ. ನನ್ನ ಹಿಂದೆ ಎಷ್ಟೋ ಜನ ಬಿದ್ದರು ಅಮ್ಮಾ, ನಾನು ಬೀಳಲಿಲ್ಲ ಅಂದ. ಹಲ್ಲು ನೋಡಿದರಂತೆ, ಮಂಡಿ ನೋಡಿದರಂತೆ, ಒಂದೊಂದೇ ಕಿವಿ ಮುಚ್ಚಿಸಿ ಪಿಸುಗುಟ್ಟಿ ಕೇಳಿದರಂತೆ. ಎಲ್ಲ ಸರಿ ಇದೆ ಅಂದರು ಅಮ್ಮಾ, ನನ್ನಲ್ಲಿ ಒಂದೂ ಐಬಿಲ್ಲ ಅಂತ ಬರೆದರು ಅಂತ ನಗ್ತಾ ಹೇಳಿದ. ಲಿಸ್ಟಿನಲ್ಲಿ ಇಬ್ಬರ ಹೆಸರೂ ಬಂತು. ನಾಸಿಕಿನಲ್ಲಿ ಟ್ರೇನಿಂಗು. ವಿಘ್ನೇಶನ ತಾಯಿ ಬೀದಿಗೆಲ್ಲ ಲಡ್ಡು ಹಂಚಿದಳು. ನನಗೂ ಅವತ್ತು... ಎಂತ ಹೇಳುದು, ಬೇಡಿದ್ದೆಲ್ಲ ಮರೆತುಹೋಗಿ ಹೆಮ್ಮೆ ಆಯಿತು.

ಅದೇ ವಿಘ್ನೇಶ ಈಗ ಪೆಟ್ಟಿಗೆ ಕಟ್ಟಿ ಆಗಿದೆ. ಇವನು ಕೂತಿದ್ದಾನೆ.

ಕಾರಣವಾ? ಕಾರಣ ಎಂತ... ಹೇಳಿದ್ನಲ್ಲ, ಮನಸ್ಸಿಲ್ಲ. ಊಟ ಆಗುದಿಲ್ಲ ಅಂತ ಇರ್ಬೇಕು. ಅಲ್ಲಿ ಮೂರು ಹೊತ್ತೂ ಚಪಾತಿ, ದಾಲು. ಹುಟ್ಟಿದಾಗಿನಿಂದ ಅನ್ನ ಸಾರು ತಿಂದವನು. ಮತ್ತೆ ಚಳಿ. ಮತ್ತೆ ಹಿಂದಿ, ಇವನಿಗೆ ಹಿಂದಿ ಒಂದು ಅಕ್ಷರ ಬರುದಿಲ್ಲ, ಇಲ್ಲಿ ಕಲಿಸುದಿಲ್ಲವಲ್ಲ... ಯಾಕೆ, ನಗು ಬಂತಾ? ಬಿಸಿಲಲ್ಲಿ ಅಷ್ಟು ಜನರನ್ನು ಹಿಂದೆ ಹಾಕಿದವನು ಚಪಾತಿಗೆ ಹೆದರ್ತಾನಾ ಅಂತಲಾ? ಸರಿ, ನಗಿ. ಬೆಳಿಗ್ಗೆ ಬಂದಾಗಿನಿಂದ ಮೊದಲ ಸಲ ನಕ್ಕಿದ್ದೀರಿ.

ಅಲ್ಲ, ಇದು ಫ್ಯಾಷನ್ ಅತ್ತಿಗೆ. ಉದ್ದ ತೋಳಿನ ರವಿಕೆ ಈಗ ಎಲ್ಲರೂ ಹಾಕ್ತಾರೆ ಇಲ್ಲಿ. ಸೆಕೆ ಹೌದು. ಆದ್ರೆ ನಾನು ಬೆಳಿಗ್ಗೆ ಹೋಟೆಲಿಗೆ ಹೋಳಿಗೆ ಬೇಯಿಸಿ ಕೊಡ್ತೇನಲ್ಲ, ಕಾವಲಿ ಹತ್ತಿರ ನಿಂತು ನಿಂತು ಕೈ ಸುಟ್ಕೊಳ್ತದೆ. ಎಣ್ಣೆ ಸಿಡೀತದೆ. ಅದಕ್ಕೆ... ಆ ದಂಟು ಇತ್ತ ಕೊಡಿ. ಬಲಿತದ್ದು ಬೇರೆ ಇಡುವ, ಹುಳಿಗೆ ಹಾಕುವಾಗ ಮೊದಲು ಬೇಯಿಸ್ಬೇಕು.

ಯಾವಾಗಿನಿಂದ ಹೀಗಾದ ಅಂತ ಕೇಳ್ತೀರಿ... ಒಂದು ದಿನ ಬೆಳಿಗ್ಗೆಯಿಂದ. ವಿಷು ಹಬ್ಬ ಆಗಿ ಸ್ವಲ್ಪ ದಿನ, ಪಾಸಾದ ಮೇಲೂ ಇಬ್ಬರೂ ಓಟ ಬಿಟ್ಟಿರಲಿಲ್ಲ. ಓಡುವಾಗ ವಿಘ್ನೇಶನ ಕಾಲು ಉಳುಕಿತಂತೆ, ಇವನು ಅವನನ್ನು ಮನೆಗೆ ಬಿಟ್ಟು ಅರ್ಧಕ್ಕೇ ತಿರುಗಿ ಬಂದ. ದಿನಾ ಬರುವ ಹೊತ್ತಿಗೆ ಬರ್ತಿದ್ರೆ... ಬಂದ. ಮನೆಯಲ್ಲಿ ಏನೋ ಸ್ವಲ್ಪ ಮಾತಾಗಿತ್ತು, ನನಗೂ ಇವರಿಗೂ. ಎಲ್ಲರ ಮನೆಯಲ್ಲಿ ಆಗುವಂಥದ್ದೇ. ಅವತ್ತಿನಿಂದ ಓಟ ನಿಂತಿತು. ಶೂಸು ತೊಳೆದು ಅಟ್ಟಕ್ಕೆ ಹಾಕಿದ. ಹೋಟೆಲಿಗೆ ಬರ್ತೇನೆ ಅಪ್ಪಾ ಅಂದ. ಇವರಿಗೆ ಅದರಲ್ಲಿ ಸಂತೋಷ ಆಗ್ಬೇಕಿತ್ತಲ್ಲ? ಆಗಲಿಲ್ಲ. ಈಗ ಬೆಳಿಗ್ಗೆ ಇವರ ಜೊತೆ ಹೋಗ್ತಾನೆ, ಇವರು ಯಾವಾಗ ಮನೆಗೆ ಬಂದ್ರೂ ಇವರ ಜೊತೆಗೇ ಬರ್ತಾನೆ. ಇವರು ಮಧ್ಯಾಹ್ನ ಅರ್ಧ ಗಂಟೆ ಮಲಗ್ಲಿಕ್ಕೆ ಬಂದ್ರೂ ಇವನು ಹಿಂದಿನಿಂದ. ನೆರಳಿನ ಹಾಗೆ, ಇವತ್ತು ನೀವಿದ್ದೀರಿ ಅಂತ ಮಾತ್ರ ಮನೆಯಲ್ಲಿ ಉಳಿದದ್ದು. ಅಪ್ಪ ಮಗ ಎಷ್ಟು ಅನ್ಯೋನ್ಯ ಅಂತಾರೆ ಬೀದಿಯವರು.

ಇವರು ಕೆಟ್ಟವರಲ್ಲ ಅತ್ತಿಗೆ. ನಿಮ್ಮ ತಮ್ಮ, ನಿಮಗೆ ನಾನು ಹೇಳ್ಬೇಕಾ? ಕುಡಿಯುದಿಲ್ಲ. ಎಲೆ ಅಡಿಕೆಯ ಚಟ ಕೂಡ ಇಲ್ಲ. ಏಕಾದಶಿ ತಪ್ಪಿಸುದಿಲ್ಲ. ಹೋಟೆಲಿನಲ್ಲಿ ಸುಬ್ರಾಯಣ್ಣ ದನಿ ಎತ್ತಿದ್ದು ಯಾರೂ ಕೇಳಿಲ್ಲ, ಬೇಕಾದ್ರೆ ಕೇಳಿ ನೋಡಿ. ಗಿರಾಕಿ ಉಗಿದ್ರೂ ಸಾರಿ ಸಾರ್. ಕಟ್ಟಡದ ಮಾಲೀಕ ತಪ್ಪು ಹೊರಿಸಿದ್ರೂ ಸರಿ ಸಾರ್. ಇಡೀ ದಿನ ಎಲ್ಲರ ಮುಂದೆ ಬಗ್ಗಿ ಬಗ್ಗಿ ಇದ್ದ ಮನುಷ್ಯ ಎಲ್ಲಾದ್ರೂ ಒಂದು ಕಡೆ ನೆಟ್ಟಗೆ ನಿಲ್ಲಬೇಕಲ್ಲ... ಮನೆ ಇರುದು ಅದಕ್ಕೇ ಅಲ್ಲವಾ? ಸಿಟ್ಟು ಬಂದ್ರೂ ಐದು ನಿಮಿಷ. ಆಮೇಲೆ ಅವರೇ ಮುಲಾಮು ತಂದು...

ನಾನು ಯಾಕೆ ಇದನ್ನೆಲ್ಲ ಹೇಳ್ತಾ ಇದ್ದೇನೆ? ನೀವು ಇವರ ವಿಷಯ ಕೇಳಲೇ ಇಲ್ಲವಲ್ಲ. ನಾನು ಸಂತು ವಿಷಯ ಹೇಳ್ತಿದ್ದೆ.

ಬೆಳಿಗ್ಗೆಯಿಂದ ನೀವು ಒಂದು ಸಲವೂ ಕೇಳಲಿಲ್ಲ ಅತ್ತಿಗೆ. ಸುಬ್ರಾಯ ಹೇಗಿದ್ದಾನೆ ಅಂತ. ಬಂದವರು ಅದನ್ನೇ ಅಲ್ಲವಾ ಮೊದಲು ಕೇಳುದು?

ಬಿಡಿ... ಬಿಡಿ, ಕೈ ಬಿಡಿ. ನನಗೆ ಎಂತ ಆಗಿಲ್ಲ.

ಹೇಳ್ತೇನೆ. ಹೇಳಿದ್ರೆ ನಿಮಗೆ ಅರ್ಥ ಆಗ್ತದೆ ಅವನು ಯಾಕೆ ಹೋಗ್ಬೇಕು ಅಂತ. ಅವತ್ತು ಹಾಲು ಉಕ್ಕಿ ಚೆಲ್ಲಿತು. ಅಷ್ಟೇ ಆದದ್ದು. ಒಲೆಯ ಮೇಲೆ ಹಾಲು ಇಟ್ಟು, ಇವರ ಪಂಚೆ ಒಣಗಿದೆಯಾ ಅಂತ ನೋಡ್ಲಿಕ್ಕೆ ಹೋಗಿದ್ದೆ, ಬರುವಾಗ ಉಕ್ಕಿತ್ತು. ಇವರು ಕಾಫಿಗೆ ಕಾಯ್ತಾ ಇದ್ದರು. ನಾನು ನೆಲ ಒರೆಸ್ತಾ ಕೆಳಗೆ ಕೂತಿದ್ದೆ, ಇವರು ಬಂದು ನಿಂತರು. ಮಾತಾಡಲಿಲ್ಲ. ಇವರು ಮಾತಾಡುದಿಲ್ಲ ಆ ಹೊತ್ತಿನಲ್ಲಿ. ಬಾಗಿಲು ತೆರೆದದ್ದು ನನಗೆ ಕೇಳಿಸ್ಲಿಲ್ಲ, ಇವರಿಗೂ ಕೇಳಿಸ್ಲಿಲ್ಲ. ಕಣ್ಣು ಎತ್ತಿ ನೋಡುವಾಗ ಸಂತು ಅಡುಗೆಮನೆಯೊಳಗೆ ನಿಂತಿದ್ದಾನೆ. ಕಾಲಲ್ಲಿ ಶೂಸು. ಒಂದು ದಿನವೂ ಚಪ್ಪಲಿ ಹಾಕ್ಕೊಂಡು ಹೊಸ್ತಿಲು ದಾಟಿದವನಲ್ಲ. ಇವರ ಕೈ ಮೇಲೆ ಹೋಗಿತ್ತು. ಆ ಕೈಯನ್ನು ಮೇಲೆಯೇ ಹಿಡಿದ. ಹಿಡಿದದ್ದು ಅಷ್ಟೇ, ತಿರುಚಲಿಲ್ಲ, ನೂಕಲಿಲ್ಲ. 'ಪೋದುಂಪ್ಪಾ' ಅಂದ. ಸಾಕಪ್ಪಾ ಅಂತ. ಮೆಲ್ಲಗೆ.

ಎಷ್ಟು ಹೊತ್ತು ಹಾಗೆ ನಿಂತಿದ್ದರೋ ನನಗೆ ಗೊತ್ತಿಲ್ಲ. ಇವರು ಬಿಡಿಸ್ಕೊಳ್ಳಿಕ್ಕೆ ನೋಡಿದರು. ಆಗಲಿಲ್ಲ ಅತ್ತಿಗೆ. ಇವರ ಕೈಯಲ್ಲಿ ಆಗಲಿಲ್ಲ. ಅಷ್ಟು ದಿನ ಓಡಿದ ಮೈ, ಹಗ್ಗ ಹತ್ತಿದ ಕೈ... ಅದು ಇವರಿಗೆ ಅವತ್ತು ಗೊತ್ತಾಯಿತು. ಅವನಿಗೂ ಅವತ್ತೇ ಗೊತ್ತಾಯಿತು. ಆಮೇಲೆ ಇವರು ಸ್ನಾನಕ್ಕೆ ಹೋದರು. ದೇವರಿಗೆ ದೀಪ ಹಚ್ಚಿದರು. ಹೋಟೆಲಿಗೆ ಹೋದರು. ಅವನು ನನ್ನ ಪಕ್ಕ ಕೂತು ಚೆಲ್ಲಿದ ಹಾಲು ಒರೆಸಿದ. ಯಾವತ್ತಿನಿಂದಮ್ಮಾ ಅಂತ ಕೇಳಿದ. ನಾನು ಇವತ್ತೇ ಮೊದಲು ಅಂದೆ. ಅವನು ನಂಬಲಿಲ್ಲ.

ಅಂದಿನಿಂದ ಒಂದು ದಿನವೂ ಇಲ್ಲ. ದೇವರಾಣೆ ಇಲ್ಲ. ಅವನು ಮನೆಯಲ್ಲಿರುವಷ್ಟು ದಿನ ಇರುದಿಲ್ಲ. ಅದು ಅವನಿಗೆ ಗೊತ್ತುಂಟು. ಅದಕ್ಕೇ ಹೋಗುದಿಲ್ಲ. ಚಪಾತಿಯೂ ಅಲ್ಲ, ಚಳಿಯೂ ಅಲ್ಲ. ಗಡಿ ಕಾಯ್ತೇನೆ ಅಂತ ಹೊರಟ ಹುಡುಗ ಅಡುಗೆಮನೆಯ ಬಾಗಿಲು ಕಾಯ್ತಾ ಕೂತಿದ್ದಾನೆ. ಹದಿನೆಂಟು ವರ್ಷ ಅತ್ತಿಗೆ... ಅವನ ಪ್ರಾಯದಲ್ಲಿ ಮಾಡುವ ಕೆಲಸವಾ ಅದು? ಅಪ್ಪ ಎದ್ದರೆ ಏಳುದು, ಅಪ್ಪ ಮಲಗಿದ್ರೆ ಮಲಗುದು. ಎಲ್ಲಿಯವರೆಗೆ?

ನಾನು ಅವನಿಗೆ ಹೇಳಿದೆ. ನನಗೆ ಅಭ್ಯಾಸ ಆಗಿದೆ ಮಗಾ, ನೀನು ಹೋಗು ಅಂತ. ಹಾಗೆ ಹೇಳಬಾರದಿತ್ತು. ಆ ಮಾತು ಕೇಳಿ ಅವನು ಮುಖ ತಿರುಗಿಸಿ ಹೋದವನು ಎರಡು ದಿನ ನನ್ನ ಹತ್ರ ಮಾತಾಡಲಿಲ್ಲ. ಹಾಗಾದ್ರೆ ನಾನು ಎಂತ ಹೇಳುದು? ಎಲ್ಲ ಹೇಳಿ ಆಯಿತು. ಅತ್ತೂ ಆಯಿತು.

ಇಲ್ಲ, ನೀವು ತಿಳ್ಕೊಂಡ ಹಾಗಲ್ಲ. ಅವನ ಭವಿಷ್ಯ ಹಾಳಾಗ್ತದೆ ಅಂತ ಮಾತ್ರ ಅಲ್ಲ. ಅದಕ್ಕಿಂತ ಬೇರೆ ಒಂದುಂಟು. ಇದನ್ನು ನಾನು ಯಾರ ಹತ್ರವೂ ಹೇಳಿಲ್ಲ. ಅವತ್ತು ಅವನು ಇವರ ಕೈ ಹಿಡಿದಾಗ ನಾನು ಕೆಳಗಿನಿಂದ ಅವನ ಮುಖ ನೋಡಿದೆ. ಹೊಡೀಲಿಲ್ಲ, ನಿಜ. ಮಾತೂ ಮೆಲ್ಲಗೇ ಆಡಿದ. ಆದ್ರೆ ಕಣ್ಣು... ಆ ಕಣ್ಣು ನನಗೆ ಗೊತ್ತಿದ್ದ ಕಣ್ಣು ಅತ್ತಿಗೆ. ಎಷ್ಟು ವರ್ಷದಿಂದ ಕೆಳಗೆ ಕೂತು ನೋಡಿದ ಕಣ್ಣು ಅದು. ಇವರದ್ದೇ. ಈಗ ಹಿಡೀತಾನೆ. ನಾಳೆ ಒಂದು ದಿನ ಬರೀ ಹಿಡಿದು ಬಿಡುದಿಲ್ಲ. ಆಮೇಲೆ? ಅಪ್ಪನ ಮೇಲೆ ಎತ್ತಿದ ಕೈ ಅಲ್ಲಿಗೇ ನಿಲ್ತದಾ? ಅವನ ಮನೆಗೂ ಒಂದು ಹೆಣ್ಣು ಬರ್ತದೆ. ಅದಕ್ಕೇ ಅವನನ್ನು ಈ ಮನೆಯಿಂದ ಹೊರಡಿಸ್ಬೇಕು. ಗಡಿಯಲ್ಲಿ ಗುಂಡು ಹಾರ್ತದೆ ಅಂತ ಗೊತ್ತುಂಟು ನನಗೆ. ಗೊತ್ತಿದ್ದೇ ಹೇಳ್ತಾ ಇದ್ದೇನೆ. ಅಲ್ಲಿ ಹೊಡೆದಾಟ ಆದ್ರೆ ಅವನಿಗೆ ಶತ್ರು ಯಾರು ಅಂತ ಗೊತ್ತಿರ್ತದೆ. ಇಲ್ಲಿ ಹಾಗಲ್ಲವಲ್ಲ.

ನೀವು ಅಳ್ತಾ ಇದ್ದೀರಾ?

ಅಳುದು ಸರಿ... ಆದ್ರೆ ಆಶ್ಚರ್ಯ ಆಗಲಿಲ್ಲ ನಿಮಗೆ. ನಾನು ಹೇಳುವಾಗ ನಿಮ್ಮ ಮುಖ ನೋಡ್ತಾ ಇದ್ದೆ. ಹೊಸತು ಕೇಳಿದವರ ಮುಖ ಹಾಗೆ ಇರುದಿಲ್ಲ. ಅಯ್ಯೋ ಹೌದಾ ಅಂತ ಒಂದು ಮಾತು ಇಲ್ಲ. ನಮ್ಮ ಸುಬ್ರಾಯನಾ ಅಂತ ಇಲ್ಲ.

ಅವನು ಫೋನ್ ಮಾಡಿದ್ನಾ?

ಯಾವಾಗ? ನಾನು ನಿಮ್ಮನ್ನು ಕರೆಯುವ ಮೊದಲೇ? ಮೊಣಕಾಲು ನೋವು ಅಂತ ಮದುವೆ ಮುಂಜಿಗೂ ಹೊರಡದವರು, ನಾನು ಒಂದು ಸಲ ಬನ್ನಿ ಅಂದದ್ದೇ ಮರುದಿನ ರೈಲು ಹತ್ತಿದಿರಿ. ನಾನು ಅದು ನನ್ನ ಮೇಲಿನ ಪ್ರೀತಿ ಅಂತ... ಇರ್ಲಿ, ಪ್ರೀತಿಯೇ. ಎಂತ ಹೇಳಿದ ಅವನು? ಅಮ್ಮನನ್ನು ಕರ್ಕೊಂಡು ಹೋಗಿ, ಆಗ ನಾನು ನಾಸಿಕಿಗೆ ಹೋಗ್ತೇನೆ ಅಂತಲಾ?

ಎಲ್ಲಿಗೆ ಬರುದು ಅತ್ತಿಗೆ... ಬಾರ್ಕೂರಿಗಾ? ಆ ಮನೆ ಯಾರದ್ದು? ನಿಮ್ಮ ಯಜಮಾನರು ಹೋದ ಮೇಲೆ ಇವರು ಅಲ್ಲವಾ ನಿಮ್ಮನ್ನು ಅಲ್ಲಿ ಇಟ್ಟದ್ದು? ಮನೆ ಇವರದ್ದು. ನಿಮಗೆ ಅಕ್ಕಿ ಬರುದು ಇವರ ಕೈಯಿಂದ. ಇವರ ಮನೆಯಿಂದ ತಪ್ಪಿಸ್ಕೊಂಡು ಇವರ ಮನೆಗೇ ಬರುದಾ ನಾನು? ಒಂದು ವಾರ ಇರ್ಬಹುದು. ಹದಿನೈದು ದಿನ ಇರ್ಬಹುದು. ಆಮೇಲೆ ಇವರು ಬಂದು ಅಂಗಳದಲ್ಲಿ ನಿಂತು, ತುಂಗಾ, ಹೊರಡು ಅಂದ್ರೆ? ನೀವು ಕಳಿಸುದಿಲ್ಲ ಅಂತ ಹೇಳ್ತೀರಾ? ನಿಮ್ಮ ಕೈಯಲ್ಲಿ ಆಗ್ತದಾ? ನನ್ನ ತವರಿನಲ್ಲಿ ಯಾರಿದ್ದಾರೆ, ಅಮ್ಮ ಹೋದ ಮೇಲೆ ಆ ದಾರಿ ಮುಚ್ಚಿತು.

ತಲೆ ತಗ್ಗಿಸ್ಬೇಡಿ. ನಿಮ್ಮನ್ನು ದೂರ್ತಾ ಇಲ್ಲ ನಾನು. ನಿಮಗೂ ಬೇರೆ ನೆಲೆ ಇಲ್ಲ, ಗೊತ್ತುಂಟು. ಇಷ್ಟು ವರ್ಷ ನೀವು ಬಾಯಿ ಬಿಡದೇ ಇದ್ದದ್ದು ಯಾಕೆ ಅಂತ ಈಗ ಗೊತ್ತಾಗ್ತಾ ಉಂಟು. ನಾನು ನಿಮ್ಮಿಂದ ಅಡಗಿಸ್ತಾ ಇದ್ದೆ, ನೀವು ನನಗೆ ಗೊತ್ತಾಗದ ಹಾಗೆ ಅಡಗಿಸ್ತಾ ಇದ್ದಿರಿ.

ನಾನು ಮದುವೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಕೇಳಿದ್ದೆ, ನೆನಪುಂಟಾ? ಅತ್ತೆಯವರಿಗೆ ಎಡಗಿವಿ ಕೇಳ್ತಿರಲಿಲ್ಲ. ಹುಟ್ಟಿನಿಂದಲೇ ಹಾಗಾ ಅಂತ ನಿಮ್ಮ ಹತ್ರ ಕೇಳಿದೆ. ನೀವು ಮಲ್ಲಿಗೆ ಕಟ್ತಾ ಇದ್ದಿರಿ. ಈ ಸಲ ಮೊಗ್ಗು ಸಣ್ಣ ಅಂದಿರಿ. ನಾನು ಮತ್ತೆ ಕೇಳಲಿಲ್ಲ. ಕೇಳ್ಬೇಕಿತ್ತಾ? ಕೇಳಿದ್ರೆ ಹೇಳ್ತಿದ್ರಾ? ನಿಮ್ಮ ಅಪ್ಪಯ್ಯನೂ ಕುಡೀತಿರಲಿಲ್ಲ. ಅವರೂ ಏಕಾದಶಿ ತಪ್ಪಿಸಿದವರಲ್ಲ. ಊರಿಡೀ ದೊಡ್ಡ ಮನುಷ್ಯ ಅಂತಿತ್ತು.

ಸಂತು ಇದರಲ್ಲಿ ಮೂರನೆಯವನು ಆಗಬಾರದು ಅತ್ತಿಗೆ. ನನ್ನ ಗತಿ ಏನಾದ್ರೂ ಆಗ್ಲಿ. ಅವನು ಸೋಮವಾರ ಹೋಗ್ಬೇಕು.

ಹಾಗಾಗಿ ಒಂದೇ ದಾರಿ. ನೀವು ಅವನಿಗೆ ಹೇಳ್ಬೇಕು. ಅವನು ಬಂದ ಕೂಡ್ಲೇ. ಹೀಗೆ ಹೇಳಿ, ನಿನ್ನ ಅಪ್ಪನನ್ನು ಅವನು ಹುಟ್ಟಿದಾಗಿನಿಂದ ನಾನು ನೋಡಿದ್ದೇನೆ, ಅವನು ಅಂಥವನಲ್ಲ. ಏನೋ ಕೆಟ್ಟ ಗಳಿಗೆ, ಒಂದು ಸಲ ಆಗಿಹೋಯಿತು. ಇನ್ನು ಆಗುದಿಲ್ಲ. ನಾನು ಅವನ ಹತ್ರ ಮಾತಾಡಿದ್ದೇನೆ, ಅಮ್ಮನಿಗೆ ಎಂತದೂ ಆಗುದಿಲ್ಲ, ನೀನು ಧೈರ್ಯದಿಂದ ಹೋಗು. ಇಷ್ಟೇ. ನಾನು ಹೇಳಿದ್ರೆ ನಂಬುದಿಲ್ಲ. ನೀವು ಸ್ವಂತ ಅಕ್ಕ, ನೀವು ಹೇಳಿದ್ರೆ ನಂಬ್ತಾನೆ. ಸುಳ್ಳಾದ್ರೆ ಸುಳ್ಳು. ಒಂದು ಮಗುವನ್ನು ಕಳಿಸ್ಲಿಕ್ಕೆ ಹೇಳಿದ ಸುಳ್ಳಿಗೆ ಪಾಪ ಇಲ್ಲ.

ಹೇಳ್ತೀರಲ್ಲ?

ಅತ್ತಿಗೆ.

ಒಮ್ಮೆ ನನ್ನ ಹತ್ರ ಹೇಳಿ ನೋಡಿ. ಅಭ್ಯಾಸಕ್ಕೆ. ನಮ್ಮ ಸುಬ್ರಾಯ ಅಂಥವನಲ್ಲ ಅಂತ. ಯಾವ ಅಕ್ಕನಾದ್ರೂ ಹೇಳುವ ಮಾತು ಅಲ್ಲವಾ ಅದು? ಲೋಕದಲ್ಲಿ ಯಾರ ತಮ್ಮನ ಮೇಲೆ ದೂರು ಹೇಳಿದ್ರೂ ಅಕ್ಕ ಹೇಳುದು ಅದನ್ನೇ. ನಾನು ಹೇಳಲು ಬಾಯಿ ತೆರೆದಾಗ ನೀವು ನನ್ನನ್ನು ಬೈಯ್ಯಬೇಕಿತ್ತು. ನನ್ನ ತಮ್ಮನ ಮೇಲೆ ಹೀಗೆಲ್ಲ ಹೇಳ್ತೀಯಾ ಅಂತ ಎದ್ದು ಹೋಗ್ಬೇಕಿತ್ತು. ಬೈದಿದ್ರೆ ನನಗೆ ಒಂದು ಧೈರ್ಯ ಇರ್ತಿತ್ತು. ನನ್ನದೇ ತಪ್ಪು, ಹಾಲು ಉಕ್ಕಿಸಿದ್ದು ನಾನೇ ಅಂತ ಇನ್ನೂ ಸ್ವಲ್ಪ ದಿನ ತಿಳ್ಕೊಂಡಿರ್ತಿದ್ದೆ.

ಬರುದಿಲ್ಲವಾ? ಬಾಯಿಗೆ ಬರುದಿಲ್ಲವಾ ಆ ಮಾತು...

ಗೇಟಿನ ಸದ್ದು. ಅವನೇ. ಮೆ‍ಟ್ಟಿಲು ಎರಡೆರಡು ಹಾರಿ ಬರ್ತಾನೆ, ಬೇರೆ ಯಾರೂ ಹಾಗೆ ಬರುದಿಲ್ಲ. ಕಣ್ಣು ಒರೆಸ್ಕೊಳ್ಳಿ ಅತ್ತಿಗೆ. ಬೇಗ. ನಾನು ಬಸಳೆ ನೋಡ್ತಾ ಇರ್ತೇನೆ, ನಾನು ಏನೂ ಮಾತಾಡುದಿಲ್ಲ. ನೀವು ಶುರು ಮಾಡಿ. ಬಾ ಸಂತು, ಕೂತ್ಕೋ, ನಿನ್ನ ಹತ್ರ ಒಂದು ಮಾತು ಹೇಳ್ಲಿಕ್ಕುಂಟು ಅಂತ...

ಬಂದ. ಅಲ್ಲಿ ಬಾಗಿಲಲ್ಲೇ ನಿಂತಿದ್ದಾನೆ.

ಹೇಳಿ ಅತ್ತಿಗೆ. ಅವನು ನನ್ನನ್ನು ನೋಡ್ತಾ ಇಲ್ಲ. ನಿಮ್ಮ ಮುಖ ನೋಡ್ತಾ ಇದ್ದಾನೆ.